ಐದನೆಯ ಬಾಗಿನ

ಕ್ಯಾಮೆರಾ ಸ್ಟ್ಯಾಂಡ್ ಹೊತ್ತು ಬಂದ ಹುಡುಗಿ ನನ್ನನ್ನು ಆಂಟಿ ಎಂದಳು. ಈ ವಯಸ್ಸಿನಲ್ಲಿ ಅಜ್ಜಿ ಎನ್ನಿಸಿಕೊಳ್ಳದೆ ಪಾರಾದ ಖುಷಿಗೆ, ಡಬ್ಬಿಯಲ್ಲಿ ಬಚ್ಚಿಟ್ಟಿದ್ದ ಗೋಡಂಬಿ ಬಿಸ್ಕತ್ತು ತೆಗೆದು ತಟ್ಟೆಗೆ ಹಾಕಿದೆ. ಅವಳದು ಒಂದು ಯೂಟ್ಯೂಬ್ ಚಾನೆಲ್ಲು. ನಮ್ಮ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದ್ದ ದರೋಡೆಕೋರರು ಯಾರು, ಅವರ ಬೆನ್ನು ಹತ್ತಿದ ಪೊಲೀಸರು ಯಾರು ಎಂದು ಹುಡುಕಿ, ಬದುಕಿ ಉಳಿದವರನ್ನು ಕೂರಿಸಿಕೊಂಡು ಮಾತಾಡಿಸುತ್ತಾಳೆ. ನಮ್ಮ ಮನೆಯವರು ಅಂಥ ಪೊಲೀಸರಲ್ಲೊಬ್ಬರು. ಅವರು ತೀರಿಕೊಂಡು ಆರು ವರ್ಷವಾಯಿತು. ಹಾಗಾಗಿ ಅವರ ಬದಲಿಗೆ ನಾನು, ನನ್ನ ಜೊತೆಗೆ ಅವರ ಕೈಕೆಳಗಿದ್ದ ದಫೇದಾರರು. ದಫೇದಾರರೆಂದರೆ ಹೆಡ್ ಕಾನ್‌ಸ್ಟೇಬಲ್. ರಿಟೈರ್ ಆಗಿ ಎಷ್ಟೋ ವರ್ಷವಾದರೂ ನಮ್ಮ ಮನೆಯಲ್ಲಿ ಅವರಿಗೆ ಬೇರೆ ಹೆಸರಿಲ್ಲ.

ಶಿವಮೊಗ್ಗದ ರವೀಂದ್ರನಗರದ ನಮ್ಮ ಹಾಲ್ ಅವತ್ತು ಸ್ಟುಡಿಯೋ ಆಯಿತು. ಬ್ಯಾಂಕಿನಲ್ಲಿರುವ ಮಗಳು ಹಾಫ್ ಡೇ ರಜೆ ಹಾಕಿ ಬಂದು ನನ್ನ ಸೀರೆಯ ನೆರಿಗೆ ಸರಿ ಮಾಡಿದಳು. ಮನೆಯವರ ಫೋಟೋ, ಅದರ ಕೆಳಗಿನ ಮೆಡಲ್, ಎರಡನ್ನೂ ತೆಗೆದು ನನ್ನ ತಲೆಯ ಹಿಂದೆ ಕಾಣುವ ಹಾಗೆ ನೇತು ಹಾಕಿದರು. "ಬ್ಯಾಕ್‌ಗ್ರೌಂಡ್ ಪರ್ಫೆಕ್ಟ್ ಆಂಟಿ" ಎಂದಳು ಹುಡುಗಿ. ಆ ಮೆಡಲ್ಲಿನ ಕಥೆಯನ್ನೇ ಅವಳು ಕೇಳಲು ಬಂದದ್ದು. ನಾನು ಎಷ್ಟು ಸಲ ಹೇಳಿದ ಕಥೆ ಅದು. ಮದುವೆ ಮನೆಗಳಲ್ಲಿ, ಲೇಡೀಸ್ ಕ್ಲಬ್ಬಿನಲ್ಲಿ, ಮೊಮ್ಮಕ್ಕಳ ಹಾಸಿಗೆಯ ಪಕ್ಕದಲ್ಲಿ.

ಆಗ ನಾವು ಭದ್ರಾವತಿಯಲ್ಲಿದ್ದೆವು. ಮೂವತ್ತು ವರ್ಷಕ್ಕೂ ಹಿಂದಿನ ಮಾತು. ಊರೆಲ್ಲ ಕಾರ್ಖಾನೆಯ ಸೈರನ್ನಿಗೆ ಏಳುತ್ತಿತ್ತು, ಸೈರನ್ನಿಗೇ ಉಣ್ಣುತ್ತಿತ್ತು. ಪೊಲೀಸ್ ಕ್ವಾರ್ಟರ್ಸಿನ ಕಿಟಕಿ ತೆಗೆದರೆ ಒಂದು ಕಡೆಯಿಂದ ಕಬ್ಬಿನ ಹಾಲು ಕುದಿಯುವ ವಾಸನೆ, ಇನ್ನೊಂದು ಕಡೆಯಿಂದ ಹೊಗೆ. ಕಾನ್ವೆಂಟಿನಲ್ಲಿ ಓದಿ, ಡ್ಯಾಫೊಡಿಲ್ ಹೂವನ್ನು ಕಾಣದೆಯೇ ಅದರ ಸ್ಪೆಲಿಂಗ್ ಕಲಿತಿದ್ದ ನಾನು, ಅಲ್ಲಿ ತರಕಾರಿಯವಳ ಹತ್ತಿರ ತಮಿಳಿನಲ್ಲಿ ಚೌಕಾಸಿ ಮಾಡಲು ಕಲಿತೆ. ಆ ದಿನಗಳು ಈಗಲೂ ನನಗೆ ಇಷ್ಟ. ಇಷ್ಟವಾಗಬಾರದಿತ್ತೇನೋ.

ನಮ್ಮ ಮನೆಯವರು ಹಿಡಿಯಬೇಕಾಗಿದ್ದವನು ಅದೇ ಊರಿನ ಲೇತ್ ಕೆಲಸಗಾರ. ಕೆಲಸ ಹೋದ ಮೇಲೆ ಗಂಧದ ಮರ ಕಡಿಯುವವರ ಜೊತೆ ಸೇರಿದ. ಆಮೇಲೆ ತಾನೇ ಒಂದು ಗುಂಪು ಕಟ್ಟಿ ತರೀಕೆರೆ ರಸ್ತೆಯಲ್ಲಿ ಲಾರಿ ಅಡ್ಡಗಟ್ಟಿ ದೋಚತೊಡಗಿದ. ಪೇಪರಿನವರು ಅವನಿಗೆ ಒಂದು ಅಡ್ಡಹೆಸರು ಇಟ್ಟಿದ್ದರು. ಅದನ್ನು ಹೇಳಿ ಮಕ್ಕಳನ್ನು ಮಲಗಿಸುತ್ತಿದ್ದರು ಜನ. ಅದನ್ನಿಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಅವನು ಒಳ್ಳೆಯವನಾಗಿದ್ದ ಎಂದು ನಾನು ಹೇಳಲಾರೆ. ಒಬ್ಬ ಫಾರೆಸ್ಟ್ ಗಾರ್ಡನ್ನು ಕೊಂದಿದ್ದ. ಆ ಗಾರ್ಡಿನ ಹೆಂಡತಿ ವಾರಕ್ಕೊಮ್ಮೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಬಂದು ಕೂತು, ಯಾರನ್ನೂ ಏನೂ ಕೇಳದೆ ಎದ್ದು ಹೋಗುವುದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ.

ಎರಡು ವರ್ಷ ಬೆನ್ನು ಹತ್ತಿದರೂ ಅವನು ಸಿಗಲಿಲ್ಲ. ಆಮೇಲೆ ಒಂದು ಬೇಸಿಗೆಯಲ್ಲಿ ಭದ್ರಾ ನಾಲೆಯ ತೂಬಿನ ಹತ್ತಿರ ಒಂದು ಹೆಣ ಸಿಕ್ಕಿತು. ನೀರಿನಲ್ಲಿ ದಿನಗಟ್ಟಲೆ ಇದ್ದು ಮುಖ ಗುರುತು ಸಿಗುವ ಹಾಗಿರಲಿಲ್ಲ. ಅವನ ಹೆಂಡತಿಯನ್ನು ಕರೆಸಿದರು. ಅವಳು ಟೈಲರ್. ಹೆಣದ ಮುಖ ನೋಡಲಿಲ್ಲವಂತೆ, ಷರಟಿನ ಗುಂಡಿಯ ತೂತನ್ನು ಮುಟ್ಟಿ ನೋಡಿ, "ಈ ಕಾಜಾ ನಾನೇ ಹಾಕಿದ್ದು" ಎಂದಳಂತೆ. ಅಲ್ಲೇ ನೆಲಕ್ಕೆ ಕೈ ಬಡಿದು ಬಳೆ ಒಡೆದುಕೊಂಡಳು. ಮಾರನೆಯ ದಿನ ಪೇಪರಿನಲ್ಲಿ ಅವನು ಸತ್ತ ಎಂದು ಬಂತು. ಫೈಲ್ ಮುಚ್ಚಿದರು.

ಅದಾದ ಮೇಲೆ ಒಂದು ದಿನ ಮನೆಯವರು ಕಾಫಿ ಕುಡಿಯುತ್ತಾ ಹೇಳಿದರು. "ಪಾಪ ಕಣೇ ಆ ಹೆಂಗಸು. ಗಂಡ ಮಾಡಿದ ಪಾಪಕ್ಕೆ ಅವಳನ್ನ ಊರಿನವರು ದೂರ ಇಟ್ಟಿದ್ದಾರೆ. ನಿನ್ನ ಬ್ಲೌಸೆಲ್ಲಾ ಅವಳ ಹತ್ರಾನೇ ಹೊಲಿಸು. ಇನ್ಸ್‌ಪೆಕ್ಟರ್ ಹೆಂಡ್ತಿನೇ ಕೊಟ್ಟಳು ಅಂದ್ರೆ ಉಳಿದವರೂ ಕೊಡ್ತಾರೆ."

ಅವತ್ತು ನನಗೆ ನನ್ನ ಗಂಡನ ಮೇಲೆ ಬಂದಷ್ಟು ಗೌರವ ಇನ್ಯಾವತ್ತೂ ಬರಲಿಲ್ಲ. ಎಂಥ ಜೆಂಟಲ್‌ಮನ್ ಎಂದುಕೊಂಡೆ.

ಅವಳು ಬರತೊಡಗಿದಳು. ನನಗಿಂತ ಎಂಟು ಹತ್ತು ವರ್ಷ ಚಿಕ್ಕವಳು. ಬರಿಹಣೆ, ಬರಿಗೈ, ಕುತ್ತಿಗೆಯಲ್ಲಿ ಇಂಚು ಟೇಪು. ಮೊದಲು ಅಮ್ಮಾವ್ರೇ ಎನ್ನುತ್ತಿದ್ದಳು, ನಾನೇ ಹಟ ಮಾಡಿ ಅಕ್ಕಾ ಎನ್ನಿಸಿದೆ. ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತು ಹುಕ್ಕು ಹಾಕುತ್ತಾ ಮಾತಾಡುವಳು. "ಅಕ್ಕಾ, ನಿಮ್ಮ ಎಡ ಭುಜ ಬಲಕ್ಕಿಂತ ಅರ್ಧ ಇಂಚು ಇಳಿದಿದೆ, ಇಷ್ಟು ದಿನ ಹೊಲಿದ ಟೈಲರು ಕಣ್ಣು ಮುಚ್ಚಿ ಹೊಲಿದಿದಾನೆ" ಎಂದು ನಗುವಳು. ಅವಳಿಗೆ ಇದ್ದವನು ಒಬ್ಬ ಅಣ್ಣ. ಶಿವಮೊಗ್ಗದಲ್ಲಿ ಲಾರಿ ಮೆಕ್ಯಾನಿಕ್. ವಾರಕ್ಕೊಂದು ಸಲ ಅಕ್ಕಿ, ಬೇಳೆ ತಂದುಕೊಟ್ಟು ಹೋಗುತ್ತಿದ್ದ.

ಸಂಜೆ ಮನೆಯವರು ಸ್ಟೇಷನ್ನಿನಿಂದ ಬಂದು, ಬೆತ್ತದ ಕುರ್ಚಿಯಲ್ಲಿ ಕೂತು, ಬೂಟಿನ ಲೇಸ್ ಬಿಚ್ಚುತ್ತಾ ಕೇಳುವರು. "ಏನಂತಾಳೆ ನಿನ್ನ ಟೈಲರ್?" ನಾನು ಎಲ್ಲವನ್ನೂ ಹೇಳುತ್ತಿದ್ದೆ. ಅವಳು ಏನು ತಿಂದಳು, ಎಲ್ಲಿಗೆ ಹೋಗಿದ್ದಳು, ಅಣ್ಣ ಏನು ತಂದ. ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವರು ನನ್ನ ದಿನ ಹೇಗೆ ಕಳೆಯಿತು ಎಂದು ಕೇಳಿದ ವರ್ಷ ಅದೊಂದೇ. ನನಗೆ ಅಷ್ಟಕ್ಕೇ ರೊಮ್ಯಾನ್ಸ್.

ಆ ವರ್ಷದ ಗೌರಿ ಹಬ್ಬ. ಅತ್ತೆ ಕುಂಸಿ ಕಡೆಯ ನಮ್ಮ ಊರಿನಲ್ಲೇ ಉಳಿದಿದ್ದರಿಂದ ಮೊದಲ ಸಲ ಎಲ್ಲವನ್ನೂ ನಾನೊಬ್ಬಳೇ ಮಾಡಿದೆ. ಐದು ಜನ ಮುತ್ತೈದೆಯರಿಗೆ ಐದು ಜೊತೆ ಮೊರದ ಬಾಗಿನ. ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ಬಳೆ, ಕುಂಕುಮ, ಕನ್ನಡಿ, ಬಾಚಣಿಗೆ, ಮೇಲೊಂದು ರವಿಕೆ ಕಣ. ನಾಲ್ಕು ಜನ ಬಂದು ತೆಗೆದುಕೊಂಡು ಹೋದರು. ಐದನೆಯವರು ಡಾಕ್ಟರ ಹೆಂಡತಿ, ಎಷ್ಟು ಹೊತ್ತಾದರೂ ಬರಲಿಲ್ಲ. ಬಾಗಿನ ಕೊಡದೆ ನಾನು ಊಟ ಮಾಡುವ ಹಾಗಿಲ್ಲ. ಹನ್ನೆರಡೂವರೆಯ ಸೈರನ್ ಕೂಗಿತು. ಹಸಿವಿಗೆ ತಲೆ ಸುತ್ತುತ್ತಿತ್ತು. ಕೊನೆಯ ಮೊರವನ್ನು ಸೆರಗಿನಲ್ಲಿ ಮುಚ್ಚಿ ಹಿಡಿದು ಮುಂಬಾಗಿಲಿಗೂ ಹಿತ್ತಿಲಿಗೂ ಓಡಾಡುತ್ತಿದ್ದೆ.

ಆಗ ಹಿತ್ತಿಲ ಬಾಗಿಲು ತಟ್ಟಿದ ಸದ್ದು. ತೆಗೆದೆ. ಅವಳು. ಸಂಜೆಗೆ ನಾನು ಉಡಬೇಕಾಗಿದ್ದ ಸೀರೆಯ ಬ್ಲೌಸ್ ಹಿಡಿದು ನಿಂತಿದ್ದಳು. ಹಬ್ಬದ ದಿನ ಒಳಗೆ ಬರಬಾರದೆಂದು ಮೆಟ್ಟಿಲ ಕೆಳಗೇ ನಿಂತಿದ್ದಳು. ನನ್ನ ಕೈ ನನ್ನನ್ನು ಕೇಳಲಿಲ್ಲ. ಬೆಳಗಿನಿಂದ ನಾಲ್ಕು ಸಲ ಮಾಡಿದ್ದನ್ನೇ ಐದನೆಯ ಸಲ ಮಾಡಿತು. ಮೊರ ಮುಂದೆ ಚಾಚಿ "ಬಾಗಿನ ತಗೊಳ್ಳಿ" ಎಂದುಬಿಟ್ಟೆ.

ಎಂದ ಮೇಲೆ ಅರಿವಾಯಿತು. ಗಂಡನಿಲ್ಲದವಳಿಗೆ ಮುತ್ತೈದೆ ಬಾಗಿನ! ಅತ್ತೆ ಇದ್ದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಯಾವ ವಿಧವೆಯಾದರೂ ಬೆಂಕಿ ಕಂಡ ಹಾಗೆ ಹಿಂದೆ ಸರಿಯುತ್ತಿದ್ದಳು, ಇಲ್ಲ ಅಳುತ್ತಾ ಓಡಿಹೋಗುತ್ತಿದ್ದಳು. ನಾನು ಸಾರಿ ಕೇಳಲು ಬಾಯಿ ತೆರೆದೆ.

ಅವಳು ಸರಿಯಲಿಲ್ಲ. ಮೊರವನ್ನೇ ನೋಡುತ್ತಾ ನಿಂತಳು. ಆಮೇಲೆ ನಿಧಾನವಾಗಿ ಮೆಟ್ಟಿಲು ಹತ್ತಿ ಬಂದಳು, ತನ್ನ ಸೆರಗನ್ನು ನನ್ನ ಸೆರಗಿನ ಕೆಳಗೆ ಹಿಡಿದು ಮೊರವನ್ನು ತೆಗೆದುಕೊಂಡಳು. ಒಳಗಿನ ಬಳೆಗಳು ಸದ್ದು ಮಾಡಿದವು.

"ಬೇಡ ಅನ್ನಕ್ಕೆ ಬಾಯಿ ಬರಲ್ಲ ಅಕ್ಕಾ" ಎಂದಳು.

ನನಗೆ ಅರ್ಥವಾಯಿತು. ಬೇಡ ಎಂದರೆ ಗೌರಿಯ ಎದುರು ತನ್ನ ಬಾಯಲ್ಲೇ ಗಂಡ ಸತ್ತ ಎಂದ ಹಾಗೆ. ಪೊಲೀಸರ ಮುಂದೆ ಸುಳ್ಳು ಹೇಳಿದ್ದಳು. ಇಲ್ಲಿ ಆಗಲಿಲ್ಲ.

"ಇದಾನಾ?" ಎಂದೆ.

ತಲೆಯಾಡಿಸಿದಳು. ನನ್ನ ಕೈ ಹಿಡಿದುಕೊಂಡು, "ಅಕ್ಕಾ, ಯಾರಿಗೂ ಹೇಳ್ಬೇಡಿ. ದೂರ ಎಲ್ಲಾದರೂ ಹೋಗಿ ಬದುಕ್ತೀವಿ. ಇನ್ನೊಂದು ತಿಂಗಳು ಅಷ್ಟೇ" ಎಂದಳು.

ನಾನು ಅವಳ ಕೈಮೇಲೆ ಕೈಯಿಟ್ಟು ಹೇಳಲ್ಲ ಎಂದೆ. ನನ್ನ ಕಾನ್ವೆಂಟಿನಲ್ಲಿ ಚಾಡಿ ಹೇಳಿದವರಿಗೆ ಒಂದು ಶಿಕ್ಷೆ ಇತ್ತು. ಇನ್ನು ಮೇಲೆ ಚಾಡಿ ಹೇಳುವುದಿಲ್ಲ ಎಂದು ಇಂಗ್ಲಿಷಿನಲ್ಲಿ ನೂರು ಸಲ ಇಂಪೊಸಿಷನ್ ಬರೆಯಬೇಕು. ನಾನು ಅದನ್ನು ಮೂರು ಸಲ ಬರೆದಿದ್ದೇನೆ, ಮುನ್ನೂರು ಸಾಲು. ಏನೂ ಉಪಯೋಗ ಆಗಲಿಲ್ಲ.

ಊಟವಾಯಿತು. ಮನೆಯವರು ಎರಡು ಹೋಳಿಗೆ ಜಾಸ್ತಿ ತಿಂದು, ಲುಂಗಿಯಲ್ಲಿ ಬೆತ್ತದ ಕುರ್ಚಿಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದರು. ನನ್ನ ಮುಖ ನೋಡಿದರು.

"ಏನಾಯ್ತೇ ಮಾರಾಯ್ತಿ? ಡಾಕ್ಟರ್ ಹೆಂಡ್ತಿ ಬರಲಿಲ್ಲ ಅಂತ ಇಷ್ಟೊಂದು ಸಪ್ಪೆನಾ?"

"ಏನಿಲ್ಲ."

"ಏನಿಲ್ಲ ಅನ್ನೋ ಮುಖಾನಾ ಇದು? ಏನಂತಾಳೆ ನಿನ್ನ ಟೈಲರ್?"

ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ನಾನು ಎರಡು ಗಂಟೆ ಕಳೆದಿದ್ದೆ, ಅಷ್ಟಕ್ಕೇ ಉಸಿರು ಕಟ್ಟಿತ್ತು. ಕಾನ್ವೆಂಟಿನ ಚಾಪೆಲಿನಲ್ಲಿ ಕನ್ಫೆಷನ್ ಬಾಕ್ಸ್ ಒಂದಿತ್ತು. ನಾವು ಹಿಂದೂ ಹುಡುಗಿಯರು ಅದರ ಜಾಲರಿಯಲ್ಲಿ ಕದ್ದು ಇಣುಕುತ್ತಿದ್ದೆವು. ಅಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ ಎಂದು ಸಿಸ್ಟರ್ ಹೇಳಿದ್ದರು. ಮದುವೆಯೂ ಹಾಗೇ ಎಂದು ನಾನು ಯಾಕೆ ತಿಳಿದುಕೊಂಡೆನೋ.

"ಒಂದು ವಿಷಯ ಹೇಳ್ತೀನಿ. ಇನ್ಸ್‌ಪೆಕ್ಟರಿಗಲ್ಲ, ನನ್ನ ಗಂಡನಿಗೆ. ಪ್ರಾಮಿಸ್ ಮಾಡಿ" ಎಂದೆ.

ಅವರು ನಕ್ಕು, ಮೈಮೇಲಿನ ಬನಿಯನ್ ತೋರಿಸಿದರು. "ನೋಡು, ಯೂನಿಫಾರ್ಮ್ ಎಲ್ಲಿದೆ? ಈಗ ನಾನು ನಿನ್ನ ಗಂಡ ಮಾತ್ರ. ಪ್ರಾಮಿಸ್."

ಹೇಳಿದೆ. ಅವರು ಪೂರ್ತಿ ಕೇಳಿ, ಬಾಯಲ್ಲಿದ್ದ ಎಲೆ ಅಡಿಕೆ ಉಗಿದು ಬಂದು, "ಒಳ್ಳೇದು ಮಾಡಿದೆ ನನ್ನ ಹತ್ರ ಹೇಳಿ. ಹೋಗ್ಲಿ ಬಿಡು, ಎಲ್ಲಾದರೂ ಬದುಕಿಕೊಳ್ಳಲಿ" ಎಂದರು. ನನ್ನ ತಲೆ ಸವರಿದರು.

ಗಣಪತಿ ಬಿಡುವ ದಿನ, ಊರೆಲ್ಲ ಡೊಳ್ಳು, ಪಟಾಕಿಯಲ್ಲಿ ಮುಳುಗಿದ್ದಾಗ, ಅವಳು ಚೀಲದಲ್ಲಿ ಬಾಗಿನದ ಬೆಲ್ಲ, ತೆಂಗಿನಕಾಯಿ ಇಟ್ಟುಕೊಂಡು ನಾಲೆಯಾಚೆಯ ಕಬ್ಬಿನ ಗದ್ದೆಗೆ ಹೋದಳು. ಹಿಂದೆಯೇ ಪೊಲೀಸರು ಹೋದರು. ಮಧ್ಯಾಹ್ನ ಮೂರು ಗಂಟೆಗೆ ಕೇಳಿದ ಸದ್ದನ್ನು ನಾನು ಪಟಾಕಿ ಎಂದುಕೊಂಡಿದ್ದೆ. ಈ ಸಲ ಅವನು ನಿಜವಾಗಿ ಸತ್ತ. ಅವನೇ ಮೊದಲು ಗುಂಡು ಹಾರಿಸಿದ ಎಂದು ಪೇಪರಿನಲ್ಲಿ ಬಂತು.

ಅವತ್ತು ನಾನು ಮನೆಯವರನ್ನು ನೇರವಾಗಿ ಕೇಳಿದೆ. ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು. "ಅವಳ ಅಣ್ಣ ಬಾಯಿ ಬಿಟ್ಟ. ನಿನ್ನ ಮಾತು ನನಗೆ ಬೇಕೇ ಆಗಲಿಲ್ಲ."

ನನಗೆ ನಂಬಬೇಕಾಗಿತ್ತು. ನಂಬಿದೆ.

ಅವಳು ಒಂದೇ ಒಂದು ಸಲ ಬಂದಳು, ನನ್ನ ಹೊಲಿಯದೆ ಉಳಿದ ಬಟ್ಟೆಗಳನ್ನು ವಾಪಸ್ ಕೊಡಲು. ಕಣ್ಣು ಒಣಗಿತ್ತು. "ಎಲ್ಲರೂ ನನ್ನ ಅಣ್ಣನೇ ಅಂತಿದಾರೆ ಅಕ್ಕಾ. ನನಗೆ ನಂಬಕ್ಕೇ ಆಗ್ತಿಲ್ಲ. ನಿಮಗೇನಾದರೂ ಗೊತ್ತಾ?" ಎಂದಳು. ನಾನು ಅವಳ ಭುಜದ ಮೇಲೆ ಕೈಯಿಟ್ಟು "ಹೌದಂತೆ" ಎಂದೆ. "ನಮ್ಮ ಮನೆಯವರೂ ಹಾಗೇ ಅಂದ್ರು."

ಆಮೇಲೆ ಟ್ರಾನ್ಸ್‌ಫರ್, ಮೆಡಲ್, ಬೇರೆ ಊರುಗಳು. ಸಂಜೆಯ ಕುರ್ಚಿಯಲ್ಲಿ ಯಾರೂ ನನ್ನನ್ನು ಏನೂ ಕೇಳಲಿಲ್ಲ.

ಕ್ಯಾಮೆರಾದ ಮುಂದೆ ನಾನು ಇದರಲ್ಲಿ ಬಾಗಿನದ ಭಾಗವನ್ನು ಬಿಟ್ಟು ಉಳಿದದ್ದನ್ನು ಹೇಳಿದೆ. ಎರಡು ವರ್ಷದ ಬೆನ್ನಟ್ಟುವಿಕೆ, ನಾಲೆಯ ಹೆಣ, ಬಾಯಿ ಬಿಟ್ಟ ಭಾವಮೈದುನ, ಕಬ್ಬಿನ ಗದ್ದೆ. ಪ್ರತಿ ಸಲದಂತೆ ಮೆಡಲ್ಲಿನ ಕಡೆ ಕೈ ತೋರಿಸಿ ಮುಗಿಸಿದೆ. ದಫೇದಾರರು ಗಡ್ಡ ಕೆರೆದುಕೊಳ್ಳುತ್ತಾ ಕೇಳುತ್ತಿದ್ದವರು, ನಗುತ್ತಾ ಬಿಸ್ಕತ್ತು ಕೆಳಗಿಟ್ಟರು.

"ಅಮ್ಮಾವ್ರು ದೊಡ್ಡೋರು. ತಮ್ಮ ಹೆಸರು ತಾವೇ ಹೇಳ್ಕೊಳಲ್ಲ. ಈಗ ಸಾಹೇಬ್ರೂ ಇಲ್ಲ, ಹೇಳಿದರೆ ತಪ್ಪೇನಿಲ್ಲ ಬಿಡಿ. ಆ ಭಾವಮೈದುನ ಒಂದಕ್ಷರ ಬಾಯಿ ಬಿಡಲಿಲ್ಲಮ್ಮಾ. ಗಣಪತಿ ಬಿಡೋಕೆ ಮುಂಚೆ, ತಂಗಿಗೆ ಸುಳಿವು ಸಿಗದಂಗೆ, ಎರಡು ದಿನ ಕೂರಿಸಿಕೊಂಡ್ವಿ. ಹೆಂಗೆ ಕೂರಿಸಿಕೊಂಡ್ವಿ ಅಂತ ಕೇಳಬೇಡಿ. ಗಟ್ಟಿ ಮನುಷ್ಯ. ಕೇಸು ಬಿಡಿಸಿದ್ದು ಇವರು, ಅಮ್ಮಾವ್ರು."

ಹುಡುಗಿ ಕ್ಯಾಮೆರಾ ಅವರ ಕಡೆ ತಿರುಗಿಸಿದಳು.

"ಸಾಹೇಬ್ರಿಗೆ ಮೊದಲಿಂದ್ಲೂ ಆ ಹೆಣದ ಮೇಲೆ ಡೌಟು. ನಾವು ಮಫ್ತಿಯಲ್ಲಿ ಹೋದ್ರೆ ಆಯಮ್ಮ ವಾಸನೆ ಹಿಡೀತಾಳೆ. ಮನೆ ಹೆಂಗಸರ ಹತ್ರ ಆದ್ರೆ ಒಂದಲ್ಲ ಒಂದಿನ ಬಾಯಿ ಬಿಡ್ತಾಳೆ ಅಂತ ಸಾಹೇಬ್ರೇ ಹೊಲಿಗೆ ಕೊಡಿಸಿದ್ರು. ಎಂಥಾ ತಲೆ ನೋಡಿ! ಹಬ್ಬದ ದಿನ ಸಾಯಂಕಾಲನೇ ನಮ್ಮನ್ನೆಲ್ಲಾ ಕರೆದು, ಬದುಕಿದಾನೆ ಕಣ್ರೋ, ಇವತ್ತಿಂದ ಅವಳ ಹಿಂದೆ ನೆರಳಿನಂಗಿರಿ ಅಂದ್ರು."

"ಮತ್ತೆ ಆ ಅಣ್ಣ?" ಎಂದಳು ಹುಡುಗಿ.

"ಅಮ್ಮಾವ್ರ ಹೆಸರು ಹೊರಗೆ ಬರಬಾರದಲ್ಲ. ಅದಕ್ಕೇ ಅವನ ಮೇಲೆ ಕೇಸು ಹಾಕದೇ ಬಿಟ್ಟು ಕಳಿಸಿದ್ರು. ಗುಂಪಿನ ಕಡೆಯ ಗಂಡಸರೆಲ್ಲರ ಮೇಲೂ ಕೇಸು, ಅವನೊಬ್ಬನ ಮೇಲೆ ಇಲ್ಲ. ಜನ ತಾವೇ ಅರ್ಥ ಮಾಡ್ಕೊಂಡ್ರು."

ದಫೇದಾರರು ನನಗೆ ಕೈ ಮುಗಿದರು. ಅವರ ಮುಖದಲ್ಲಿ ಇದ್ದದ್ದು ಶುದ್ಧ ಅಭಿಮಾನ. ನಾನು ಥ್ಯಾಂಕ್ಯೂ ಎಂದೆ. ಹೌದು, ಥ್ಯಾಂಕ್ಯೂ ಎಂದೆ. ನಮ್ಮ ಸಿಸ್ಟರುಗಳು ನಮ್ಮನ್ನು ಹಾಗೆ ಬೆಳೆಸಿದ್ದರು.

ದಫೇದಾರರು ಹೋದ ಮೇಲೆ ಹುಡುಗಿ ವೈರ್ ಸುತ್ತುತ್ತಾ ಹೇಳಿದಳು. "ಆಂಟಿ, ನಿಮಗೆ ಇದು ಗೊತ್ತಿರಲಿಲ್ಲ ಅಲ್ವಾ? ನಿಮ್ಮ ಮುಖ ನೋಡಿದೆ. ನಿಜ ಹೇಳ್ತೀನಿ, ಇದೇ ಈ ಎಪಿಸೋಡಿನ ಹೈಲೈಟು. ಆದ್ರೂ ನಿಮಗೆ ಬೇಡ ಅಂದ್ರೆ ಕಟ್ ಮಾಡ್ತೀನಿ. ಶುಕ್ರವಾರ ಅಪ್‌ಲೋಡ್. ಗುರುವಾರದೊಳಗೆ ಹೇಳಿ."

"ಕಟ್ ಮಾಡಿಸಮ್ಮ" ಎಂದಳು ಮಗಳು ತಕ್ಷಣ. "ಅಪ್ಪನ ಹೆಸರು, ನಿನ್ನ ಹೆಸರು, ಯಾಕೆ ಬೇಕು ಇದೆಲ್ಲಾ? ಯಾವ ಕಾಲದ್ದೋ."

ಕಟ್ ಮಾಡಿಸಬಹುದಿತ್ತು. ಒಂದು ಫೋನ್ ಅಷ್ಟೇ. ಎರಡು ದಿನ ಆ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಓಡಾಡಿದೆ. ಮನೆಯವರ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬಂದದ್ದು ಸಿಟ್ಟಲ್ಲ, ನಾಚಿಕೆ. ಅವರು ನನ್ನನ್ನು ಗಾಳದ ತುದಿಗೆ ಸಿಕ್ಕಿಸಿ ನೀರಿಗೆ ಬಿಟ್ಟಿದ್ದರು. ನಾನು ಅದನ್ನು ಪ್ರೀತಿ ಎಂದುಕೊಂಡು ಸಂಜೆಯ ಹೊತ್ತಿಗೆ ತಲೆ ಬಾಚಿ, ಪೌಡರ್ ಹಾಕಿ ಕಾಯುತ್ತಿದ್ದೆ. ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ನನ್ನದೇ ಒಂದು ಮಾತು. ಹೌದಂತೆ. ಅದನ್ನು ನನ್ನ ಬಾಯಿಂದ ಯಾರೂ ಆಡಿಸಿರಲಿಲ್ಲ. ಆ ವಿಡಿಯೋ ಕಟ್ ಆದರೆ ಆ ಅಣ್ಣ ಸಾಯುವವರೆಗೂ ಭಾವನನ್ನು ಹಿಡಿದುಕೊಟ್ಟವನೇ. ಕಟ್ ಆಗದಿದ್ದರೆ ಅವಳು ಯಾರದೋ ಮೊಬೈಲಿನಲ್ಲಿ ನನ್ನ ಮುಖ ನೋಡಿ ತಿಳಿದುಕೊಳ್ಳುತ್ತಾಳೆ.

ಅವಳೆಲ್ಲಿದ್ದಾಳೆ ಎಂದು ದಫೇದಾರರಿಗೆ ಫೋನ್ ಮಾಡಿದೆ. "ಅಲ್ಲೇ, ನ್ಯೂ ಟೌನಲ್ಲಿ. ಮೆಷಿನ್ ಇನ್ನೂ ತುಳೀತಾಳೆ" ಎಂದರು. ಅವರ ಕಡತ ಯಾವತ್ತೂ ಮುಚ್ಚುವುದಿಲ್ಲ.

ಗುರುವಾರ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದೆ. ಕೈಯಲ್ಲಿ ಒಂದು ಮೀಟರ್ ಬ್ಲೌಸ್ ಬಟ್ಟೆ. ಬರಿಗೈಯಲ್ಲಿ ಹೋಗಲು ಧೈರ್ಯವಿರಲಿಲ್ಲ.

ರಸ್ತೆಗೆ ತೆರೆದ ಒಂದು ಸಣ್ಣ ಕೋಣೆ. ಹೊರಗೆ "ಫಾಲ್ಸ್, ಪಿಕೋ ಮಾಡಿ ಕೊಡಲಾಗುವುದು" ಎಂಬ ಬೋರ್ಡು. ಒಳಗೆ ಅವಳೇ. ಕೂದಲು ಪೂರ್ತಿ ಬೆಳ್ಳಗಾಗಿದೆ, ಕುತ್ತಿಗೆಯಲ್ಲಿ ಅದೇ ಟೇಪು. ನನ್ನನ್ನು ಎರಡು ಕ್ಷಣ ನೋಡಿದಳು. ಮುಖವನ್ನಲ್ಲ, ಭುಜವನ್ನು.

"ಅಯ್ಯೋ ಅಕ್ಕಾ! ಆ ಎಡ ಭುಜ ಈಗ ಒಂದು ಇಂಚು ಇಳಿದಿದೆಯಲ್ಲ!"

ನನ್ನನ್ನು ಕೂರಿಸಿದಳು. ಪಕ್ಕದ ಹೋಟೆಲಿನಿಂದ ಕಾಫಿ ತರಿಸಿದಳು. ಮನೆಯವರು ಹೋದದ್ದು ಪೇಪರಿನಲ್ಲಿ ನೋಡಿದ್ದಳಂತೆ. "ಒಳ್ಳೇ ಮನುಷ್ಯರು ಅಕ್ಕಾ. ಅವರ ಡ್ಯೂಟಿ ಅವರು ಮಾಡಿದ್ರು. ನನಗೆ ಹೊಲಿಗೆ ಕೊಡ್ಸಿದ್ದು ಅವರೇ ಅಲ್ವಾ" ಎಂದಳು. ನನ್ನ ಬಟ್ಟೆ ನೋಡಿ, "ಅಳತೆ ಹೊಸದಾಗಿ ತಗೋಬೇಕು, ಏಳಿ" ಎಂದು ಟೇಪು ತೆಗೆದಳು. ಎದೆ ಸುತ್ತ ಟೇಪು ಬಂತು. ಇನ್ನು ತಡೆದರೆ ಹೇಳಲಾಗುವುದಿಲ್ಲ ಎನ್ನಿಸಿತು.

"ನಿನ್ನ ಅಣ್ಣ ಅಲ್ಲ. ನಾನು. ನಮ್ಮ ಮನೆಯವರಿಗೆ ನಾನೇ ಹೇಳಿದ್ದು" ಎಂದೆ.

ಟೇಪು ನಿಂತಿತು. ಅವಳಿಗೆ ಎಲ್ಲವನ್ನೂ ಹೇಳಿದೆ. ಹೊಲಿಗೆ ಕೊಡಿಸಿದ್ದು ಯಾಕೆ, ಅಣ್ಣನ ಮೇಲೆ ಕೇಸು ಹಾಕದೆ ಬಿಟ್ಟದ್ದು ಯಾಕೆ, ಎಲ್ಲ. ಅವಳು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು, ಮುಖ ಕಾಣಿಸಲಿಲ್ಲ.

"ಯಾವತ್ತು ಹೇಳಿದ್ರಿ?"

"ಅವತ್ತೇ."

"ಹಬ್ಬದ ದಿನಾನೇ?"

"ಊಟ ಆದಮೇಲೆ."

"ಒಂದು ದಿನ ತಡ್ಕೊಳಕ್ಕಾಗಲಿಲ್ವಾ ಅಕ್ಕಾ?" ಎಂದಳು. ಬೈಗುಳ ಆಗಿರಲಿಲ್ಲ ಅದು. ನಿಜವಾಗಿಯೂ ಕೇಳುತ್ತಿದ್ದಳು.

ಅವಳು ಸ್ಟೂಲಿನ ಮೇಲೆ ಕೂತಳು. ಟೇಪನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಸುತ್ತಿದಳು. "ಅಪ್ಪ ಅಮ್ಮ ಇಲ್ಲದ ನನ್ನನ್ನ ಸಾಕಿದ್ದೇ ಅಣ್ಣ. ಪ್ರತಿ ಗೌರಿ ಹಬ್ಬಕ್ಕೆ ತವರಿನ ಸೀರೆ ಅಂತ ಕಳಿಸ್ತಾನೆ, ಮಗಳ ಕೈಯಲ್ಲಿ. ನಾನು ಬಾಗಿಲಿಂದಾನೇ ವಾಪಸ್ ಕಳಿಸ್ತೀನಿ. ನಮ್ಮ ಅತ್ತಿಗೆ ಸತ್ತಾಗ ಮಣ್ಣಿಗೆ ಹೋಗ್ಲಿಲ್ಲ ಅಕ್ಕಾ ನಾನು." ಟೇಪನ್ನು ಮೆಷಿನ್ನಿನ ಮೇಲಿಟ್ಟಳು. "ಒಂದು ಸಲ ಅವನೇ ಬಂದಿದ್ದ. ನಾನಲ್ಲ ಕಣೇ ಅಂದ. ಇನ್ಸ್‌ಪೆಕ್ಟರ್ ಹೆಂಡ್ತಿನೇ ಹೌದು ಅಂದಿದಾರೆ, ಅವರು ಓದಿದೋರು, ಸುಳ್ಳು ಹೇಳಲ್ಲ ಅಂತ ಮುಖದ ಮೇಲೆ ಬಾಗಿಲು ಹಾಕಿದೆ."

ಎದ್ದಳು. ನನ್ನ ಬಟ್ಟೆಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, ಮೆಷಿನ್ನಿಗೆ ಹೊದಿಕೆ ಮುಚ್ಚಿ, ಬಾಗಿಲಿಗೆ ಬೀಗ ಹಾಕಿದಳು. "ನಡೀರಿ. ಇದನ್ನ ಅವನ ಮುಂದೆ ನಿಂತು ನೀವೇ ಹೇಳ್ಬೇಕು."

ಶಿವಮೊಗ್ಗಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಅವಳು ಎರಡು ಸಾಲು ಮುಂದೆ, ಯಾರೋ ಅಪರಿಚಿತಳ ಪಕ್ಕದಲ್ಲಿ ಕೂತಳು.

ಅಣ್ಣನ ಮನೆ ರಾಗಿಗುಡ್ಡದಲ್ಲಿ. ಏರು ರಸ್ತೆ, ನಾನು ಎರಡು ಕಡೆ ನಿಂತು ದಮ್ಮು ತೆಗೆದುಕೊಂಡೆ. ಅವಳು ಕಾದಳು, ಕೈ ಕೊಡಲಿಲ್ಲ. ಅವನು ಜಗಲಿಯ ಮೇಲೆ ಕೂತು ಹುರುಳಿ ಆರಿಸುತ್ತಿದ್ದ. ತಂಗಿಯನ್ನು ಕಂಡು ತಟ್ಟೆ ಹಿಡಿದೇ ಎದ್ದು ನಿಂತ. ನಿಂತಾಗ ಎಡಗಾಲು ಸೊಟ್ಟಗಿರುವುದು ಕಾಣಿಸಿತು. ದಫೇದಾರರು ಕೇಳಬೇಡಿ ಎಂದದ್ದು ಇದನ್ನೇ.

ನಾನು ಹೇಳಿದೆ. ಒಳಗೆ ಕರೆಯುವ ಮೊದಲೇ, ಅಂಗಳದಲ್ಲಿ ನಿಂತೇ ಹೇಳಿದೆ. ನಾಳೆ ಇದು ಮೊಬೈಲಿನಲ್ಲಿ ಬರುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ ಎಂದೂ ಹೇಳಿದೆ.

ಅವನು ನನ್ನ ಕಡೆ ನೋಡಲೇ ಇಲ್ಲ. "ನಾನು ಹೇಳಿದ್ದೆ ಅಲ್ವೇನೇ" ಎಂದ ತಂಗಿಗೆ. "ಅವತ್ತೇ ಹೇಳಿದ್ದೆ."

"ಹೇಳಿದ್ದೆ" ಎಂದಳು ಅವಳು.

ಅವನು ಕುಂಟುತ್ತಾ ಒಳಗೆ ಹೋಗಿ ಒಂದು ಟ್ರಂಕನ್ನು ಹೊಸ್ತಿಲವರೆಗೆ ಎಳೆದು ತಂದ. ಮುಚ್ಚಳ ತೆಗೆದ. ಸೀರೆಗಳು. ಅಂಗಡಿಯ ಕವರು ಸಮೇತ, ಕೆಲವು ಕವರು ಹಳದಿಯಾಗಿ ಪುಡಿಯಾಗುತ್ತಿದ್ದವು. ವಾಪಸ್ ಬಂದ ಸೀರೆಗಳನ್ನು ಮನೆಯಲ್ಲಿ ಯಾರಿಗೂ ಉಡಲು ಕೊಟ್ಟಿರಲಿಲ್ಲ. ಅವಳು ಹೊಸ್ತಿಲ ಮೇಲೆ ಕೂತು ಒಂದೊಂದನ್ನೇ ಎತ್ತಿ ಅಂಚು ನೋಡಿದಳು. ಬೆರಳು ಅಂಚಿನ ಮೇಲೆ ಓಡುತ್ತಿತ್ತು, ದಿನವೂ ಮಾಡುವ ಕೆಲಸದ ಹಾಗೆ.

"ಒಂದಕ್ಕೂ ಫಾಲ್ ಹಾಕಿಲ್ಲ" ಎಂದಳು.

"ನೀನೇ ಹಾಕ್ತೀಯ ಅಂತ ಬಿಟ್ಟಿದ್ದೆ" ಎಂದ ಅಣ್ಣ. "ಟೈಲರಿಗೆ ಫಾಲ್ ಹಾಕಿಸಿಕೊಟ್ಟರೆ ಬೈತೀಯ ಅಂತ." ನಗಲು ಹೋಗಿ ಅತ್ತುಬಿಟ್ಟ. ಅವಳು ಆ ಸೀರೆಯಲ್ಲೇ ಬಾಯಿ ಮುಚ್ಚಿಕೊಂಡಳು.

ನನಗೆ ಅಲ್ಲಿ ಕೆಲಸವಿರಲಿಲ್ಲ. ಬರ್ತೀನಿ ಎಂದೆ. ಗೇಟಿನವರೆಗೆ ಬಂದಿದ್ದೆ, ಹಿಂದಿನಿಂದ ಅಕ್ಕಾ ಎಂದು ಕೂಗಿದಳು. ತಿರುಗಿ ನಿಂತೆ. ಆ ಒಂದು ಕ್ಷಣದಲ್ಲಿ ನಾನು ಏನನ್ನು ನಿರೀಕ್ಷಿಸಿದೆನೋ ಅದನ್ನು ಬರೆಯಲು ಈಗ ಸಂಕೋಚವಾಗುತ್ತದೆ.

ಅವಳು ಚೀಲದಿಂದ ನನ್ನ ಬ್ಲೌಸ್ ಬಟ್ಟೆ ತೆಗೆದು ನನ್ನ ಕೈಗಿಟ್ಟಳು. ಭದ್ರಾವತಿಯಲ್ಲಿ ಬೀಗ ಹಾಕುವಾಗಲೇ ಇದನ್ನು ನಿರ್ಧರಿಸಿದ್ದಳು ಎಂದು ಆಗ ಗೊತ್ತಾಯಿತು.

"ನಿಮ್ಮದು ನಾನ್ ಹೊಲಿಯಲ್ಲ ಅಕ್ಕಾ" ಎಂದಳು. ಆಗಲೂ ಅಕ್ಕಾ ಎಂದೇ ಅಂದಳು. ಅಭ್ಯಾಸ ಇರಬೇಕು.

ಮನೆಗೆ ಬಂದು ಹುಡುಗಿಗೆ ಫೋನ್ ಮಾಡಿದೆ. ಏನನ್ನೂ ಕಟ್ ಮಾಡಬೇಡ, ಆ ಅಣ್ಣನ ವಿಷಯ ಹೇಳಿದ ಭಾಗವನ್ನಂತೂ ಒಂದಕ್ಷರ ಬಿಡದೆ ಹಾಕು ಎಂದೆ. "ಸೂಪರ್ ಆಂಟಿ" ಎಂದಳು. ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, ನನ್ನ ಜೊತೆ ಮಾತಾಡದೆ ಮೇಲೆ ಹೋದಳು. ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಮನೆಯವರ ಫೋಟೋ ಇನ್ನೂ ಆ ಹುಡುಗಿ ನೇತು ಹಾಕಿದಲ್ಲೇ ಇದೆ, ಸೋಫಾದ ಹಿಂದೆ. ಎದುರಿಗೆ ಅವರ ಬೆತ್ತದ ಕುರ್ಚಿ. ಅದರ ಮೇಲೆ ಆ ಬಟ್ಟೆಯನ್ನು ಇಟ್ಟಿದ್ದೇನೆ. ಸಂಜೆ ಕಾಫಿಯ ಹೊತ್ತಿಗೆ ಅಭ್ಯಾಸಬಲದಿಂದ ನನ್ನ ಕಿವಿ ಆ ಕಡೆಗೆ ಹೋಗುತ್ತದೆ, ಬೂಟಿನ ಲೇಸ್ ಬಿಚ್ಚುತ್ತಾ ಕೇಳುತ್ತಿದ್ದ ಆ ಮಾತಿಗೆ. ಏನಂತಾಳೆ ನಿನ್ನ ಟೈಲರ್?

ಈಗ ಕೇಳಿದರೆ ನಾನು ಹೇಳುವುದಿಲ್ಲ.